ಎರಡು ಜಾಕ್‌ಸ್ಟ್ರಾಪ್‌ನಿಂದ ಹುಟ್ಟಿದ ಬ್ರಾ: ಜಾಗ್‌ಬ್ರಾ ವಿನ್ಯಾಸದ ಪೂರ್ತಿ ಕಥೆ

ಒಳ ಉಡುಪಿನ ಕಂಪನಿ ಹೊಸ ಮಾಲು ತಂದಾಗ ನಮ್ಮ ಕಣ್ಣಿಗೆ ಬೀಳೋದು ಬಣ್ಣ, ಲೇಸು, ಜಾಹೀರಾತಿನ ಚಿತ್ರ. ಅದರ ಹಿಂದಿನ ಕೆಲಸ ಯಾರಿಗೂ ಕಾಣೋದಿಲ್ಲ. ಮಾಮೂಲಿ ಬ್ರಾ ಒಂದನ್ನು ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿ. 20ಕ್ಕೂ ಜಾಸ್ತಿ ತುಂಡುಗಳು ಸಿಗುತ್ತವೆ. ಕಪ್ಪಿನ ಮೇಲ್ಭಾಗ, ಕೆಳಭಾಗ, ಒಳಗಿನ ಲೈನಿಂಗ್, ಪಕ್ಕದ ತುಂಡು, ತಂತಿ, ತಂತಿ ಕೂರುವ ಪಟ್ಟಿ, ಭುಜದ ಪಟ್ಟಿ, ರಿಂಗು, ಸ್ಲೈಡರ್, ಹುಕ್ಕು, ಬೇರೆ ಬೇರೆ ಅಗಲದ ಎಲಾಸ್ಟಿಕ್. ಒಂದೊಂದು ತುಂಡು ಅಲ್ಲಿ ಯಾಕಿದೆ, ಎಷ್ಟು ಅಗಲ ಇರಬೇಕು, ಎಷ್ಟು ಹಿಗ್ಗಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ.

ಆ ತೀರ್ಮಾನಗಳು ಹೇಗೆ ಆಗುತ್ತವೆ ಅಂತ ತಿಳಿಯೋಕೆ ನಾನು ಇಲ್ಲಿ ಆರಿಸಿಕೊಂಡಿರೋದು ಅಮೆರಿಕದ ಜಾಗ್‌ಬ್ರಾ. ಇವತ್ತು ನಾವು ಸ್ಪೋರ್ಟ್ಸ್ ಬ್ರಾ ಅಂತ ಕರೆಯೋ ಉಡುಪಿಗೆ ದಾರಿ ಮಾಡಿಕೊಟ್ಟ ಬ್ರಾ ಅದು. 1977ರ ಬೇಸಿಗೆಯಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಲ್ಲಿ ಮೂವರು ಹೆಂಗಸರು ಸೇರಿ ಮಾಡಿದ್ದು. ದೊಡ್ಡ ಕಂಪನಿಯ ವಿನ್ಯಾಸ ವಿಭಾಗದಲ್ಲಿ ನಡೆಯೋ ಎಲ್ಲ ಹಂತಗಳೂ ಇಲ್ಲಿ ಚಿಕ್ಕದಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ಮುಖ್ಯವಾಗಿ, ಕೆಲಸದ ಕ್ರಮ ಸರಿಯಾಗಿತ್ತು. ಮೊದಲು ತೊಡುವವರ ದೂರು, ಆಮೇಲೆ ಅದನ್ನು ತೊಟ್ಟು ಓಡಿ ನೋಡೋದು, ಆಮೇಲೆ ಬಟ್ಟೆ, ಅಂದ ಕೊನೆಗೆ. ಬಹಳಷ್ಟು ಒಳ ಉಡುಪು ಇದಕ್ಕೆ ಉಲ್ಟಾ ಕ್ರಮದಲ್ಲಿ ತಯಾರಾಗುತ್ತದೆ. ಅದಕ್ಕೇ ಅಷ್ಟೊಂದು ಹೆಂಗಸರು ಮನೆಗೆ ಬಂದ ಕೂಡಲೇ ಮೊದಲು ಬ್ರಾ ಬಿಚ್ಚಿ ಉಸಿರು ಬಿಡೋದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆಗಿನ ಕಾಲ

1970ರ ದಶಕ ಅಮೆರಿಕದಲ್ಲಿ ಓಟದ ಹುಚ್ಚು ಹಿಡಿದ ಕಾಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಚಿನ್ನ ಗೆದ್ದಿದ್ದರು. ಜನ ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ರಸ್ತೆಗಿಳಿದರು. ಅದೇ 1972ರಲ್ಲಿ ಬಾಸ್ಟನ್ ಮ್ಯಾರಥಾನ್ ಹೆಂಗಸರಿಗೆ ಅಧಿಕೃತವಾಗಿ ತೆರೆಯಿತು. ಅದೇ ವರ್ಷ ಟೈಟಲ್ ನೈನ್ ಅನ್ನೋ ಕಾನೂನು ಬಂತು. ಸರ್ಕಾರದ ಹಣ ಪಡೆಯೋ ಶಾಲೆ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಭೇದ ಮಾಡೋ ಹಾಗಿಲ್ಲ ಅನ್ನೋದು ಅದರ ಸಾರ. ಅದು ಆಟಕ್ಕೂ ಅನ್ವಯಿಸಿತು. ಸಾವಿರಾರು ಹುಡುಗಿಯರು ಮೈದಾನಕ್ಕೆ ಬಂದರು.

ಬೂಟಿನ ಕಂಪನಿಗಳು ಅವರ ಕಾಲಿನ ಬಗ್ಗೆ ಯೋಚಿಸಿದವು. ಎದೆಯ ಬಗ್ಗೆ ಯೋಚಿಸಿದವರು ತೀರಾ ಕಡಿಮೆ. 1975ರಲ್ಲಿ ಗ್ಲಾಮರೈಸ್ ಕಂಪನಿ ಟೆನಿಸ್ ಆಡುವವರಿಗೆ ಅಂತ ಒಂದು ಬ್ರಾ ತಂದಿತ್ತು. ಆದರೆ ಟೆನಿಸ್‌ನ ತೋಳಿನ ಬೀಸು ಬೇರೆ, ರಸ್ತೆಯ ಮೇಲೆ ಗಂಟೆಗಟ್ಟಲೆ ಕುಕ್ಕುವ ಓಟ ಬೇರೆ.

ಯಾಕೆ ಬೇರೆ ಅಂತ ಸ್ವಲ್ಪ ನಿಂತು ನೋಡೋಣ. ಇಡೀ ವಿನ್ಯಾಸ ನಿಂತಿರೋದು ಇದರ ಮೇಲೇ. ಸ್ತನದ ಒಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯು ಇಲ್ಲ. ಕೊಬ್ಬು, ಹಾಲಿನ ಗ್ರಂಥಿ, ಅವುಗಳ ನಡುವೆ ತೆಳ್ಳಗಿನ ಎಳೆಗಳು. ಆ ಎಳೆಗಳ ಬಗ್ಗೆ ಬ್ರಿಟನ್ನಿನ ಆಸ್ಟ್ಲಿ ಕೂಪರ್ ಅನ್ನೋ ಶಸ್ತ್ರವೈದ್ಯರು 1840ರಲ್ಲೇ ಬರೆದಿದ್ದರು. ಇವತ್ತಿಗೂ ಅವಕ್ಕೆ ಅವರದೇ ಹೆಸರು. ಈ ಎಳೆಗಳು ಮತ್ತು ಚರ್ಮ, ಇವೆರಡೇ ಆಧಾರ. ಓಡುವಾಗ ಎದೆಗೂಡು ಮೇಲೆ ಹೋಗುತ್ತದೆ, ಸ್ತನ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ಎದೆಗೂಡು ಕೆಳಗೆ ಬರೋ ಹೊತ್ತಿಗೆ ಸ್ತನ ಇನ್ನೂ ಮೇಲೆ ಹೋಗ್ತಾ ಇರುತ್ತದೆ. ಆಗಲೇ ಜಗ್ಗಿದ ಹಾಗಾಗಿ ನೋವು ಬರೋದು. ಈ ಚಲನೆ ಬರೀ ಮೇಲೆ ಕೆಳಗೆ ಇರೋದಿಲ್ಲ. ಅಕ್ಕಪಕ್ಕ, ಹಿಂದೆ ಮುಂದೆಯೂ ಇರುತ್ತದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದಾಗ ಅದು ಎಂಟರ ಅಂಕಿಯ ಆಕಾರದಲ್ಲಿ ಸುತ್ತುತ್ತದೆ ಅಂತ ಗೊತ್ತಾಯಿತು. 2012ರ ಲಂಡನ್ ಮ್ಯಾರಥಾನ್‌ನಲ್ಲಿ ಭಾಗವಹಿಸಿದ್ದ 1,285 ಹೆಂಗಸರನ್ನು ಕೇಳಿದಾಗ ಅವರಲ್ಲಿ ಶೇ. 32ರಷ್ಟು ಮಂದಿ ಸ್ತನದ ನೋವು ಇದೆ ಅಂದರು. ಒಳ್ಳೆಯ ಬ್ರಾಗಳು ಬಂದ ಎಷ್ಟೋ ವರ್ಷಗಳ ಮೇಲಿನ ಮಾತು ಇದು. 1977ರಲ್ಲಿ ಹೇಗಿದ್ದಿರಬೇಡ!

ದೂರು ಎಲ್ಲಿಂದ ಬಂತು

ಆ ಮೂವರಲ್ಲಿ ಒಬ್ಬರಾದ ಲೀಸಾ ಲಿಂಡಾಲ್ ಆಗ ಬರ್ಲಿಂಗ್ಟನ್‌ನಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿದ್ದರು. ಓಟ ಅವರಿಗೆ ತುಂಬಾ ಹಿಡಿಸಿತ್ತು. ವಾರಕ್ಕೆ ಸುಮಾರು 30 ಮೈಲಿ, ಅಂದರೆ 48 ಕಿಲೋಮೀಟರ್ ಓಡುತ್ತಿದ್ದರು. ಅವರಿಗೆ ಮೂರ್ಛೆರೋಗ ಇತ್ತು ಅನ್ನೋದೂ ಇಲ್ಲಿ ಹೇಳಬೇಕಾದ ಮಾತು. ಮೈ ಯಾವಾಗ ಕೈಕೊಡುತ್ತೋ ಅಂತ ಇರುವವರಿಗೆ, ತಮ್ಮ ಮೈ ತಮ್ಮ ಹಿಡಿತದಲ್ಲಿದೆ ಅನ್ನಿಸುವ ಒಂದು ಕೆಲಸ ಎಷ್ಟು ದೊಡ್ಡದು ಅಂತ ಊಹಿಸಬಹುದು.

ಓಡುವಾಗ ಅವರು ತಮ್ಮ ಅಳತೆಗಿಂತ ಒಂದು ಸೈಜ್ ಚಿಕ್ಕ ಬ್ರಾ ಹಾಕಿಕೊಳ್ತಿದ್ದರು. ನಮ್ಮಲ್ಲೂ ಎಷ್ಟೋ ಹುಡುಗಿಯರು ಇದನ್ನೇ ಮಾಡ್ತಾರೆ, ಇಲ್ಲದಿದ್ದರೆ ಎರಡು ಬ್ರಾ ಒಂದರ ಮೇಲೊಂದು ಹಾಕ್ತಾರೆ. ಕುಲುಕಾಟ ಸ್ವಲ್ಪ ಕಡಿಮೆ ಆಗುತ್ತದೆ. ಆದರೆ ಹುಕ್ಕು ಬೆನ್ನಿಗೆ ಒತ್ತುತ್ತದೆ, ಭುಜದ ಪಟ್ಟಿ ಜಾರುತ್ತದೆ, ಸ್ಲೈಡರ್ ಚರ್ಮ ಕೆರೆಯುತ್ತದೆ.

ಅಷ್ಟರಲ್ಲಿ ಅವರ ಸಹೋದರಿ ವಿಕ್ಟೋರಿಯಾ ಫೋನ್ ಮಾಡಿದರು. ಅವರೂ ಆಗಷ್ಟೇ ಓಡೋಕೆ ಶುರು ಮಾಡಿದ್ದರು. ಈ ಕುಲುಕಾಟಕ್ಕೆ ಏನು ಮಾಡ್ತೀಯ ಅಂತ ಕೇಳಿದರು. ಮಾತಿನ ನಡುವೆ, ಗಂಡಸರಿಗೆ ಜಾಕ್‌ಸ್ಟ್ರಾಪ್ ಇದೆ, ಹೆಂಗಸರಿಗೆ ಯಾಕಿಲ್ಲ ಅಂದರು. ಇಬ್ಬರೂ ಜೋರಾಗಿ ನಕ್ಕರು. ಜಾಕ್‌ಸ್ಟ್ರಾಪ್ ಅಂದರೆ ಗಂಡಸರು ಆಟ ಆಡುವಾಗ ಒಳಗೆ ಹಾಕಿಕೊಳ್ಳೋ ಎಲಾಸ್ಟಿಕ್ ಆಧಾರ. ನಮ್ಮ ಗರಡಿಮನೆಯ ಪೈಲ್ವಾನರು ಲಂಗೋಟಿ ಬಿಗಿಯೋ ಕಾರಣಕ್ಕೇ ಅಲ್ಲಿಯವರು ಅದನ್ನು ಹಾಕೋದು. 1874ರಲ್ಲೇ ಬಂದ ವಸ್ತು ಅದು. ಕಲ್ಲು ಹಾಸಿದ ರಸ್ತೆಗಳಲ್ಲಿ ಸೈಕಲ್ ಹೊಡೆಯುವವರಿಗೆ ಅಂತ ಷಿಕಾಗೋದ ಒಂದು ಕಂಪನಿ ಮಾಡಿತ್ತು. ಗಂಡಸರ ಮೈಗೆ ಈ ಅನುಕೂಲ ಸಿಕ್ಕು ನೂರು ವರ್ಷ ದಾಟಿತ್ತು. ಹೆಂಗಸರಿಗೆ ಅದೇ ಅನುಕೂಲ ಬೇಕು ಅನ್ನೋದು ನಗೆಯ ಮಾತಾಗಿತ್ತು.

ಲಿಂಡಾಲ್ ನಕ್ಕು ಸುಮ್ನಾಗಲಿಲ್ಲ. ಫೋನ್ ಇಟ್ಟ ಮೇಲೆ, ಓಡೋ ಹೆಂಗಸಿಗೆ ಬ್ರಾದಿಂದ ಏನೇನು ಬೇಕು ಅಂತ ಬರೆದರು. ಎದೆ ಕುಲುಕದ ಹಾಗೆ ಹಿಡಿದಿಡಬೇಕು. ಪಟ್ಟಿ ಭುಜದಿಂದ ಜಾರಬಾರದು. ಹೊಲಿಗೆ, ಹುಕ್ಕು, ರಿಂಗು ಚರ್ಮಕ್ಕೆ ಉಜ್ಜಬಾರದು. ಬೆವರು ಆರಬೇಕು, ಗಾಳಿಯಾಡಬೇಕು. ಇನ್ನೊಂದು ಆಸೆಯೂ ಇತ್ತು: ಸೆಕೆ ಜಾಸ್ತಿಯಾದರೆ ಗಂಡಸರು ಅಂಗಿ ಬಿಚ್ಚಿ ಓಡುವ ಹಾಗೆ ತಾವೂ ಟೀ ಶರ್ಟ್ ತೆಗೆದು ಓಡುವ ಹಾಗಿರಬೇಕು.

ಕಂಪನಿಗಳ ಭಾಷೆಯಲ್ಲಿ ಇದಕ್ಕೆ ಡಿಸೈನ್ ಬ್ರೀಫ್ ಅಂತಾರೆ. ಎಷ್ಟೋ ಬ್ರೀಫ್‌ಗಳಲ್ಲಿ ಈ ಸೀಸನ್ನಿನ ಬಣ್ಣ, ಯಾವ ವಯಸ್ಸಿನ ಗ್ರಾಹಕರು, ಎಷ್ಟು ಬೆಲೆ ಅಂತ ಮೊದಲು ಬರುತ್ತದೆ. ಲಿಂಡಾಲ್ ಪಟ್ಟಿಯಲ್ಲಿ ಬಣ್ಣದ ಮಾತೇ ಇಲ್ಲ. ಅಲ್ಲಿರೋ ಒಂದೊಂದು ಸಾಲನ್ನೂ ತೊಟ್ಟು ಓಡಿ ನೋಡಿದರೆ ಹೌದು ಅಥವಾ ಇಲ್ಲ ಅಂತ ಹೇಳಬಹುದು. ಕೊನೆಯ ಆಸೆಯಂತೂ ಒಳ ಉಡುಪನ್ನು ಹೊರ ಉಡುಪು ಮಾಡೋ ಆಸೆ. ಇವತ್ತು ಜಿಮ್‌ಗಳಲ್ಲಿ ಸ್ಪೋರ್ಟ್ಸ್ ಬ್ರಾ ಮೇಲಂಗಿಯ ಹಾಗೆ ಓಡಾಡೋದಕ್ಕೆ ಬೀಜ ಅಲ್ಲಿದೆ.

ಹೊಲಿಯುವವರು ಸಿಕ್ಕಿದ್ದು

ಲಿಂಡಾಲ್‌ಗೆ ಹೊಲಿಗೆ ಬರುತ್ತಿರಲಿಲ್ಲ. ಅವರ ಬಾಲ್ಯದ ಗೆಳತಿ ಪಾಲಿ ಸ್ಮಿತ್ ವೇಷಭೂಷಣ ವಿನ್ಯಾಸಕಿ. ಆ ಬೇಸಿಗೆಯಲ್ಲಿ ಚಾಂಪ್ಲೇನ್ ಶೇಕ್ಸ್‌ಪಿಯರ್ ನಾಟಕೋತ್ಸವಕ್ಕೆ ಉಡುಪು ಮಾಡೋಕೆ ಬರ್ಲಿಂಗ್ಟನ್‌ಗೆ ಬಂದಿದ್ದರು. ಅದೇ ಉಡುಪು ವಿಭಾಗದಲ್ಲಿ ಹಿಂಡಾ ಶ್ರೈಬರ್ ಅನ್ನೋರು ಅವರ ಜೊತೆ ಕೆಲಸ ಮಾಡುತ್ತಿದ್ದರು. ಮುಂದೆ ಅವರು ಹಿಂಡಾ ಮಿಲ್ಲರ್ ಆದರು.

ಬ್ರಾ ಮಾಡೋಕೆ ನಾಟಕದ ದರ್ಜಿಯಾ ಅಂತ ಅನ್ನಿಸಬಹುದು. ನನಗನ್ನಿಸೋದು, ಇದಕ್ಕಿಂತ ಒಳ್ಳೆ ಕೈ ಸಿಗುತ್ತಿರಲಿಲ್ಲ. ನಾಟಕದ ಬಟ್ಟೆ ಹೊಲಿಯೋರಿಗೆ ಮೈ ಅಲ್ಲಾಡೋದು ಗೊತ್ತು. ನಟ ಕತ್ತಿ ಬೀಸಬೇಕು, ಮೆಟ್ಟಿಲು ಹಾರಬೇಕು, ಎರಡು ನಿಮಿಷದಲ್ಲಿ ಬಟ್ಟೆ ಬದಲಿಸಬೇಕು. ಹೊಲಿಗೆ ಬಿಟ್ಟುಕೊಂಡರೆ ಜನರ ಮುಂದೆಯೇ ಮಾನ ಹೋಗುತ್ತದೆ. ಒಳ ಉಡುಪಿನ ಕಂಪನಿಯಲ್ಲಿ ಬಟ್ಟೆ ಬೊಂಬೆಗೋ, ನೆಟ್ಟಗೆ ನಿಂತ ಮಾಡೆಲ್‌ಗೋ ಹಾಕಿ ನೋಡೋದು ವಾಡಿಕೆ. ಅಲ್ಲಿ ಕೇಳೋ ಪ್ರಶ್ನೆ ಆಕಾರ ಚೆನ್ನಾಗಿ ಬಂತಾ ಅನ್ನೋದು. ನಾಟಕದ ದರ್ಜಿ ಕೇಳೋದು ತಡೀತಾ ಅಂತ.

ಹಾಗಿದ್ದೂ ಸ್ಮಿತ್ ಮಾಡಿದ ಮೊದಮೊದಲ ಸ್ಯಾಂಪಲ್‌ಗಳು ಕೆಲಸಕ್ಕೆ ಬರಲಿಲ್ಲ. ಇದ್ದ ಬ್ರಾಗಳನ್ನು ತಿದ್ದೋಕೆ ಹೋದರೆ ಆ ಬ್ರಾದ ಯೋಚನೆಯೇ ಅಡ್ಡ ಬರುತ್ತಿತ್ತು. ಮಾಮೂಲಿ ಬ್ರಾ ಸ್ತನವನ್ನು ಎತ್ತಿ, ದುಂಡಗೆ ಮುಂದಕ್ಕೆ ತೋರಿಸೋಕೆ ಹುಟ್ಟಿದ್ದು. ಎತ್ತಿ ಮುಂದಕ್ಕೆ ಚಾಚಿದ ಭಾರ ಜಾಸ್ತಿ ಕುಲುಕುತ್ತದೆ. ಇಲ್ಲಿ ಬೇಕಾಗಿದ್ದು ಎದೆಗೂಡಿಗೆ ಒತ್ತಿ ಹಿಡಿಯೋ ಉಡುಪು.

ಗಂಡನ ತಮಾಷೆ

ಒಂದು ದಿನ ಲಿಂಡಾಲ್ ಮತ್ತು ಸ್ಮಿತ್ ಇದರ ಬಗ್ಗೆ ತಲೆ ಕೆಡಿಸಿಕೊಂಡು ಕೂತಿದ್ದಾಗ ಲಿಂಡಾಲ್ ಗಂಡ ತಮಾಷೆಗೆ ತನ್ನ ಜಾಕ್‌ಸ್ಟ್ರಾಪ್ ಅನ್ನು ತಲೆಯ ಮೇಲಿಂದ ಹಾಕಿಕೊಂಡು ಎದೆಯ ಮೇಲೆ ಇಳಿಸಿ, ನೋಡಿ ನಿಮ್ಮ ಬ್ರಾ ಅಂತ ಬಂದು ನಿಂತರು. ಎಲ್ಲರೂ ನಕ್ಕರು. ಲಿಂಡಾಲ್ ಅದನ್ನು ಕಿತ್ತುಕೊಂಡು ತಾವೇ ಹಾಕಿಕೊಂಡರು. ಅದರ ಚೀಲ ಒಂದು ಸ್ತನದ ಮೇಲೆ ಕೂತಿತು. ಅರೆ, ಹಿಡಿಯುತ್ತಲ್ವಾ!

ಮುಂದಿನ ಹೆಜ್ಜೆ ಸಲೀಸು. ಹಿಂಡಾ ಹೋಗಿ ಜಾಕ್‌ಸ್ಟ್ರಾಪ್ ಕೊಂಡು ತಂದರು. ಸ್ಮಿತ್ ಎರಡನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ಹೊಲಿದರು. ಎರಡು ಚೀಲ ಎರಡು ಕಪ್ ಆದವು. ಸೊಂಟದ ಅಗಲವಾದ ಎಲಾಸ್ಟಿಕ್ ಪಟ್ಟಿ ಎದೆಯ ಕೆಳಗಿನ ಪಟ್ಟಿ ಆಯಿತು. ತೊಡೆಗೆ ಹೋಗುತ್ತಿದ್ದ ಪಟ್ಟಿಗಳು ಭುಜದ ಮೇಲೆ ಹೋಗಿ ಬೆನ್ನಲ್ಲಿ ಕತ್ತರಿಯ ಹಾಗೆ ಅಡ್ಡಹಾಯ್ದವು.

ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೆ ಬಂದು ಅದೃಷ್ಟ ಅಂತ ನಿಲ್ಲಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗೋದಿಲ್ಲ. ಏನೇನು ಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರಿಂದಲೇ ಆ ತಮಾಷೆಯಲ್ಲಿ ಉತ್ತರ ಕಾಣಿಸಿದ್ದು. ಬೆನ್ನಲ್ಲಿ ಅಡ್ಡಹಾಯ್ದ ಪಟ್ಟಿ ಜಾರೋಕೆ ಜಾಗವೇ ಇಲ್ಲ, ಅದು ಲಿಂಡಾಲ್ ಬರೆದಿದ್ದರಲ್ಲಿ ಒಂದು ಸಾಲಿಗೆ ಉತ್ತರ. ಹುಕ್ಕಿಲ್ಲದೆ ತಲೆಯಿಂದ ಎಳೆದು ಹಾಕಿಕೊಳ್ಳೋದು ಇನ್ನೊಂದು ಸಾಲಿಗೆ. ಅಗಲವಾದ ಕೆಳಪಟ್ಟಿ ಮೊದಲ ಸಾಲಿಗೆ. ಬ್ರಾದಲ್ಲಿ ಹೆಚ್ಚಿನ ಭಾರ ಹೊರಬೇಕಾದ್ದು ಆ ಕೆಳಪಟ್ಟಿಯೇ, ಭುಜದ ಪಟ್ಟಿ ಅಲ್ಲ. ಭುಜದಲ್ಲಿ ಗೀರು ಬೀಳೋ ಹೆಂಗಸರಲ್ಲಿ ಬಹಳ ಜನ ಹಾಕಿರೋದು ಕೆಳಪಟ್ಟಿ ಸಡಿಲ ಇರೋ ಬ್ರಾ.

ಓಡಿ ನೋಡಿದ್ದು

ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಹಿಡಿಸಿದ ಭಾಗ ಇದು. ಸ್ಯಾಂಪಲ್ ಹಾಕಿಕೊಂಡು ಲಿಂಡಾಲ್ ಓಡಿದರು. ಹಿಂಡಾ ಅವರ ಮುಂದೆ ಹಿಮ್ಮುಖವಾಗಿ ಓಡುತ್ತಾ ಎದೆ ಎಷ್ಟು ಅಲ್ಲಾಡುತ್ತದೆ ಅಂತ ನೋಡುತ್ತಾ ಹೋದರು. ಕ್ಯಾಮೆರಾ ಇಲ್ಲ, ಪ್ರಯೋಗಾಲಯ ಇಲ್ಲ. ಒಬ್ಬರ ಮೈ, ಇನ್ನೊಬ್ಬರ ಕಣ್ಣು. ಆಮೇಲೆ ಹತ್ತು ವರ್ಷ ಕಳೆದು, 1987ರಲ್ಲಿ ಲಾಜೀನ್ ಲಾಸನ್ ಮತ್ತು ಡಿಯಾನಾ ಲೊರೆಂಟ್ಜನ್ ಅನ್ನೋ ಸಂಶೋಧಕಿಯರು ಜಾಗಿಂಗ್ ಮಾಡುವಾಗ ಬೇರೆ ಬೇರೆ ಸ್ಪೋರ್ಟ್ಸ್ ಬ್ರಾಗಳಲ್ಲಿ ಸ್ತನ ಎಷ್ಟು ಅಲ್ಲಾಡುತ್ತದೆ ಅಂತ ಅಳತೆ ಮಾಡಿ ಪ್ರಕಟಿಸಿದರು. ಹಿಂಡಾ ಕಣ್ಣಲ್ಲಿ ಮಾಡಿದ್ದನ್ನೇ ಅವರು ಉಪಕರಣದಲ್ಲಿ ಮಾಡಿದರು.

ಹೊಲಿಗೆಯ ವಿಷಯ ಓಡದೆ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಎರಡು ತುಂಡು ಜೋಡಿಸಿದಾಗ ಹೊಲಿಗೆಯ ಅಂಚು ಒಳಗೆ, ಚರ್ಮದ ಕಡೆಗೆ ಬರೋದು ವಾಡಿಕೆ. ಹೊರಗಿನಿಂದ ನೀಟಾಗಿ ಕಾಣಲಿ ಅಂತ ಹಾಗೆ ಮಾಡೋದು. ಮನೆಯಲ್ಲಿ, ಆಫೀಸಿನಲ್ಲಿ ಅದು ತೊಂದರೆ ಕೊಡೋದಿಲ್ಲ. ಓಡುವಾಗ ಮೈ ಬೆವರುತ್ತದೆ, ಬೆವರು ಆರಿ ಉಪ್ಪು ಉಳಿಯುತ್ತದೆ. ಆ ಉಪ್ಪಿನ ಮೇಲೆ ದಾರದ ಗಂಟು ಒಂದೇ ಜಾಗದಲ್ಲಿ ಸಾವಿರಾರು ಸಲ ಉಜ್ಜುತ್ತದೆ. ಚರ್ಮ ಕಿತ್ತು ಬರುತ್ತದೆ. ಸ್ನಾನದ ನೀರು ಬಿದ್ದಾಗ ಉರಿ ಹೇಳತೀರದು. ಅದಕ್ಕೆ ಇವರು ಹೊಲಿಗೆಯ ಅಂಚನ್ನು ಹೊರಗೆ ತಿರುಗಿಸಿದರು. ಚರ್ಮಕ್ಕೆ ತಾಗೋ ಕಡೆ ನಯವಾಯಿತು, ನೋಡೋರ ಕಡೆ ಹೊಲಿಗೆ ಕಂಡಿತು. ಇಡೀ ಬ್ರಾದ ಮನೋಭಾವ ಆ ಒಂದು ತೀರ್ಮಾನದಲ್ಲಿದೆ.

ಜಾಕ್‌ಸ್ಟ್ರಾಪ್‌ನಿಂದ ಮಾಲಿಗೆ

ಜಾಕ್‌ಸ್ಟ್ರಾಪ್ ಬಿಚ್ಚಿ ಹೊಲಿದಿದ್ದು ಸ್ಯಾಂಪಲ್ ಮಾತ್ರ. ಅದನ್ನೇ ಮಾರೋಕೆ ಆಗೋದಿಲ್ಲ. ಸ್ಮಿತ್ ಅದರಿಂದ ಸರಿಯಾದ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸೋಕೆ ಬೇಕಾದ ಅಳತೆಯ ಅಚ್ಚು, ತೆಗೆಯಬೇಕಾಯಿತು, ಬಟ್ಟೆ ಆರಿಸಬೇಕಾಯಿತು.

ಬಟ್ಟೆ ಹತ್ತಿ, ಪಾಲಿಯೆಸ್ಟರ್, ಲೈಕ್ರಾ ಬೆರೆತದ್ದು. ಲೈಕ್ರಾ ಎಳೆಯನ್ನು ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದಿದ್ದರು. ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಅದಕ್ಕೆ ಮುಂಚೆ ಹೆಂಗಸರ ಬಿಗಿ ಉಡುಪುಗಳಲ್ಲಿ ರಬ್ಬರ್ ಇರುತ್ತಿತ್ತು. ರಬ್ಬರ್ ಬೆವರಿಗೆ, ಸೋಪಿಗೆ ಬೇಗ ಹಾಳಾಗುತ್ತದೆ. ಲೈಕ್ರಾ ಇಲ್ಲದಿದ್ದರೆ ಜಾಗ್‌ಬ್ರಾ ಹತ್ತಾರು ಒಗೆತಕ್ಕೇ ಜೋತುಬೀಳುತ್ತಿತ್ತು. ಹತ್ತಿ ಮೈಗೆ ಹಿತ, ಆದರೆ ಬೆವರು ಕುಡಿದು ಭಾರ ಆಗುತ್ತದೆ. ಪಾಲಿಯೆಸ್ಟರ್ ಬೇಗ ಆರುತ್ತದೆ. ಅದಕ್ಕೇ ಮೂರನ್ನೂ ಬೆರೆಸೋದು.

ಹಿಗ್ಗುವ ಬಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಟ್ಟೆ ಎಲ್ಲ ಕಡೆಗೂ ಒಂದೇ ಸಮ ಹಿಗ್ಗೋದಿಲ್ಲ. ಕತ್ತರಿಸುವಾಗ ಯಾವ ದಿಕ್ಕು ಮೇಲೆ ಬರಬೇಕು ಅನ್ನೋದು ಮುಖ್ಯ. ಜಾಸ್ತಿ ಹಿಗ್ಗುವ ದಿಕ್ಕು ಅಡ್ಡಕ್ಕೆ ಬಂದರೆ ಉಸಿರಾಡೋಕೆ, ತಲೆಯಿಂದ ಎಳೆದು ಹಾಕೋಕೆ ಸಲೀಸು. ಕಡಿಮೆ ಹಿಗ್ಗುವ ದಿಕ್ಕು ಉದ್ದಕ್ಕೆ ಬಂದರೆ ಕುಲುಕಾಟ ತಡೆಯುತ್ತದೆ. ಇದನ್ನು ಉಲ್ಟಾ ಕತ್ತರಿಸಿದರೆ ಅದೇ ಬಟ್ಟೆ, ಅದೇ ಪ್ಯಾಟರ್ನ್, ಆದರೆ ಬ್ರಾ ದಂಡ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಕಟಿಂಗ್ ಟೇಬಲ್ ಹತ್ತಿರ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲಾಸ್ಟಿಕ್ ಕೂರಿಸೋ ಲೈನಿನಲ್ಲಿ ಕೂತವರಿಗೂ ಗೊತ್ತು: ಒಬ್ಬರು ಎಲಾಸ್ಟಿಕ್ ಸ್ವಲ್ಪ ಜಾಸ್ತಿ ಎಳೆದು ಹೊಲಿದರೆ, ಪಕ್ಕದವರು ಕಡಿಮೆ ಎಳೆದರೆ, ಒಂದೇ ಸೈಜಿನ ಎರಡು ಬ್ರಾ ಎರಡು ಸೈಜ್ ಆಗುತ್ತವೆ.

ಬೇಸಿಗೆ ಮುಗಿದ ಮೇಲೆ ಹಿಂಡಾ ಪಾಠ ಮಾಡೋಕೆ ಸೌತ್ ಕೆರೊಲಿನಾಗೆ ಹೋದರು. ಜವಳಿ ಗಿರಣಿಗಳ ನಾಡು ಅದು. ತಯಾರಿಸಿಕೊಡೋರು ಅಲ್ಲೇ ಸಿಕ್ಕರು. ಹಿಂಡಾ ಅವರ ತಂದೆ 5,000 ಡಾಲರ್ ಸಾಲ ಕೊಟ್ಟರು. ಮೊದಲು ಜಾಕ್‌ಬ್ರಾ ಅಂತಿದ್ದ ಹೆಸರು ಜಾಗ್‌ಬ್ರಾ ಆಯಿತು. ಸ್ಮಿತ್ ವ್ಯಾಪಾರದಲ್ಲಿ ಉಳಿಯಲಿಲ್ಲ. ಜಿಮ್ ಹೆನ್ಸನ್ ಅವರ ಮಪೆಟ್ ಗೊಂಬೆಗಳಿಗೆ ಉಡುಪು ಮಾಡೋಕೆ ಹೋಗಿ, ಆ ಕೆಲಸಕ್ಕೆ ಎಮ್ಮಿ ಪ್ರಶಸ್ತಿ ಪಡೆದರು. 1979ರ ನವೆಂಬರ್ 20ಕ್ಕೆ ಪೇಟೆಂಟ್ ಬಂತು.

ಅಂಗಡಿಯೂ ವಿನ್ಯಾಸದ ಭಾಗ

ಒಳ್ಳೆ ಬ್ರಾ ಮಾಡಿದ್ದಾಯಿತು. ಎಲ್ಲಿ ಮಾರೋದು? ಒಳ ಉಡುಪಿನ ಅಂಗಡಿಯಲ್ಲಿ ಇಟ್ಟರೆ ಲೇಸಿನ ಬ್ರಾಗಳ ನಡುವೆ ಇದು ಬಡಪಾಯಿಯ ಹಾಗೆ ಕಾಣುತ್ತದೆ. ಓಡೋ ಹೆಂಗಸರು ಹೋಗೋದು ಬೂಟಿನ ಅಂಗಡಿಗೆ, ಆಟದ ಸಾಮಾನಿನ ಅಂಗಡಿಗೆ. ಲಿಂಡಾಲ್ ಮತ್ತು ಹಿಂಡಾ ಅಲ್ಲಿಗೇ ಹೋದರು. ಅಂಗಡಿಯವರಲ್ಲಿ ಬಹುಪಾಲು ಗಂಡಸರು. ಬ್ರಾ ಅಂದ ಕೂಡಲೇ ಮುಖ ಕೆಂಪಾಗುತ್ತಿತ್ತು. ನಮ್ಮದು ಆಟದ ಸಾಮಾನಿನ ಅಂಗಡಿ, ಇದನ್ನೆಲ್ಲ ಮಾರಲ್ಲ ಅಂತಿದ್ದರು. ಇವರು ಪಟ್ಟು ಬಿಡಲಿಲ್ಲ. ಇದು ಒಳ ಉಡುಪು ಅಂತ ತಿಳೀಬೇಡಿ, ಬೂಟಿನ ಹಾಗೆ ಆಟದ ಸಲಕರಣೆ ಅಂತ ವಾದಿಸಿದರು. ಬೆಲೆ 16 ಡಾಲರ್. ಜಾಹೀರಾತಿಗೆ ಮಾಡೆಲ್ ಹುಡುಕಲಿಲ್ಲ, ತಾವಿಬ್ಬರೇ ಬ್ರಾ ತೊಟ್ಟು ನಿಂತರು. ಗಂಡಸರು ಮಾಡಿದ ಯಾವ ಸ್ಪೋರ್ಟ್ಸ್ ಬ್ರಾ ಕೂಡ ಇದಕ್ಕೆ ಸರಿಸಾಟಿ ಆಗದು ಅನ್ನೋ ಅರ್ಥದ ಸಾಲು ಹಾಕಿದರು.

ಈ ತೀರ್ಮಾನವನ್ನೂ ನಾನು ವಿನ್ಯಾಸ ಅಂತಲೇ ಕರೆಯೋದು. ನಮ್ಮ ಊರುಗಳಲ್ಲಿ ಬ್ರಾ ಕೊಳ್ಳೋ ಅನುಭವ ನೆನೆಸಿಕೊಳ್ಳಿ. ಕೌಂಟರ್ ಹಿಂದೆ ಗಂಡಸು, ಮುಂದೆ ನಾಲ್ಕು ಜನ. ಮೆಲ್ಲಗೆ ಸೈಜ್ ಹೇಳಬೇಕು. ಅವರು ಡಬ್ಬಿ ತೆಗೆದು ಕೊಡ್ತಾರೆ, ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕ್ತಾರೆ. ಹಾಕಿ ನೋಡೋ ಮಾತೇ ಇಲ್ಲ. ಹೀಗೆ ಕೊಂಡ ಬ್ರಾ ಅಳತೆಗೆ ಸರಿಹೋಗೋದಾದರೂ ಹೇಗೆ? ಎಷ್ಟೋ ಹೆಂಗಸರು ಮದುವೆಗೆ ಮುಂಚೆ ಕೊಂಡ ಸೈಜನ್ನೇ ಎರಡು ಹೆರಿಗೆ ಆದ ಮೇಲೂ ಕೇಳ್ತಾರೆ. 2011ರಲ್ಲಿ ಬೆಂಗಳೂರಿನಲ್ಲಿ ರಿಚಾ ಕರ್ ಝಿವಾಮೆ ಅನ್ನೋ ಒಳ ಉಡುಪಿನ ಆನ್‌ಲೈನ್ ಅಂಗಡಿ ಶುರು ಮಾಡಿದಾಗ ಅವರು ಕೈ ಹಾಕಿದ್ದು ಈ ಜಾಗಕ್ಕೇ. ಆನ್‌ಲೈನ್ ಮಾರಾಟ ಅಂದರೆ ಕೌಂಟರಿನ ಆ ಮುಜುಗರ ಇಲ್ಲ. ಮನೆಯಲ್ಲಿ ಟೇಪ್ ಹಿಡಿದು ಅಳೆದು, ನಿಧಾನವಾಗಿ ಆರಿಸಬಹುದು.

ಬೆಂಗಳೂರಿಗೆ ಇನ್ನೊಂದು ನಂಟೂ ಇದೆ. ನಮ್ಮ ಅಂಗಡಿಗಳಲ್ಲಿ ತೂಗುಹಾಕಿರೋ ಜಾಕಿ ಒಳ ಉಡುಪನ್ನು ಭಾರತದಲ್ಲಿ ತಯಾರಿಸಿ ಮಾರೋದು ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್. ಅಮೆರಿಕದ ಕೂಪರ್ಸ್ ಕಂಪನಿ 1930ರ ದಶಕದಲ್ಲಿ ಆ ಜಾಕಿ ಬ್ರೀಫ್ ತಂದಾಗ ಮಾಡಿದ್ದೂ ಜಾಕ್‌ಸ್ಟ್ರಾಪ್‌ನ ಆಧಾರವನ್ನು ದಿನಬಳಕೆಯ ಚಡ್ಡಿಗೆ ತಂದಿದ್ದೇ. ಗಂಡಸರ ದಿನಬಳಕೆಗೆ ಅದು ಬಂದಿದ್ದು ಆಗ. ಹೆಂಗಸರಿಗೆ ಸಿಗೋಕೆ ಇನ್ನೂ ನಲವತ್ತು ವರ್ಷ ಹಿಡಿಯಿತು.

ಮುಂದೇನಾಯಿತು

1990ರಲ್ಲಿ ಜಾಗ್‌ಬ್ರಾ ಕಂಪನಿಯನ್ನು ಒಳ ಉಡುಪಿನ ದೊಡ್ಡ ಕಂಪನಿ ಪ್ಲೇಟೆಕ್ಸ್ ಕೊಂಡಿತು. ಪ್ಲೇಟೆಕ್ಸ್ ಹೆಸರಿಗೆ ಒಂದು ಹಳೆಯ ಹೆಮ್ಮೆ ಇದೆ. ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ತೊಟ್ಟ ಉಡುಪನ್ನು ತಯಾರಿಸಿದ್ದು ಪ್ಲೇಟೆಕ್ಸ್ ಒಳ ಉಡುಪಿನ ಮೂಲ ಕಂಪನಿಯೇ. ಅಲ್ಲಿನ ಹೊಲಿಗೆಯವರ ಕೈಯಲ್ಲೇ ಆ ಉಡುಪು ಮೂಡಿದ್ದು. ಹೊಲಿಗೆ ಸಣ್ಣ ಕೆಲಸ ಅನ್ನೋರಿಗೆ ಈ ಸಂಗತಿ ಗೊತ್ತಿರಲಿ.

ಹಿಂಡಾ ಮಿಲ್ಲರ್ ಮುಂದೆ ವರ್ಮಾಂಟ್ ರಾಜ್ಯದ ಸೆನೆಟ್ ಸದಸ್ಯೆ ಆದರು. ಅವತ್ತಿನ ಬ್ರಾವೊಂದಕ್ಕೆ ಕಂಚಿನ ಲೇಪ ಹಾಕಿ ವರ್ಮಾಂಟ್ ವಿಶ್ವವಿದ್ಯಾಲಯದ ರಾಯಲ್ ಟೈಲರ್ ರಂಗಮಂದಿರದ ಉಡುಪು ವಿಭಾಗದ ಹತ್ತಿರ ಇಟ್ಟಿದ್ದಾರೆ. ಇನ್ನೊಂದು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. 1999ರ ಜುಲೈ 10ರಂದು ಹೆಂಗಸರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಚೀನಾ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದ ಬ್ರಾಂಡಿ ಚಾಸ್ಟೇನ್ ಅಂಗಿ ಬಿಚ್ಚಿ ಮಂಡಿಯೂರಿದ ಚಿತ್ರ ಜಗತ್ತೆಲ್ಲ ನೋಡಿತು. ಅವರ ಮೈಮೇಲಿದ್ದಿದ್ದು ಕಪ್ಪು ಸ್ಪೋರ್ಟ್ಸ್ ಬ್ರಾ. ಸೆಕೆಯಾದರೆ ಅಂಗಿ ತೆಗೆದು ಓಡಬೇಕು ಅನ್ನೋ ಲಿಂಡಾಲ್ ಆಸೆ ಅಷ್ಟು ದೂರ ಬಂದಿತ್ತು.

ಯಾರು ಬಿಟ್ಟುಹೋದರು

ಈ ವಿನ್ಯಾಸಕ್ಕೆ ಒಂದು ದೊಡ್ಡ ಕೊರತೆ ಇತ್ತು, ಅದನ್ನು ಮುಚ್ಚಿಟ್ಟು ಹೊಗಳೋದು ತಪ್ಪು. ಎದೆಗೂಡಿಗೆ ಒತ್ತಿ ಹಿಡಿಯೋ ಕ್ರಮ ಚಿಕ್ಕ, ಮಧ್ಯಮ ಅಳತೆಯವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತುಂಬು ಎದೆಯವರಿಗೆ ಸಾಲದು. ಎರಡೂ ಸ್ತನ ಒಂದೇ ಮುದ್ದೆಯಾಗಿ ಒತ್ತಿ, ನಡುವೆ ಬೆವರು ನಿಂತು ದದ್ದು ಏಳುತ್ತದೆ, ಕುಲುಕಾಟವೂ ಪೂರ್ತಿ ನಿಲ್ಲೋದಿಲ್ಲ. ಅವರಿಗೆ ಒಂದೊಂದು ಸ್ತನಕ್ಕೂ ಬೇರೆ ಕಪ್ ಇರೋ, ಬೆನ್ನಲ್ಲಿ ಹುಕ್ಕು ಹಾಕಿ ಬಿಗಿ ಹೊಂದಿಸೋ ಬ್ರಾ ಬೇಕು. ಅಂಥದ್ದಕ್ಕೆ ತುಂಡುಗಳು ಜಾಸ್ತಿ, ಹೊಲಿಗೆ ಜಾಸ್ತಿ, ಖರ್ಚೂ ಜಾಸ್ತಿ.

ಒತ್ತಿ ಹಿಡಿಯೋ ಬ್ರಾವನ್ನು ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಮೂರು ನಾಲ್ಕು ಸೈಜಿನಲ್ಲಿ ಮುಗಿಸಬಹುದು. ಕಪ್ ಇರೋದಾದರೆ 32ಬಿ, 34ಸಿ, 38ಡಿ ಅಂತ ಹತ್ತಾರು ಸೈಜ್ ಮಾಡಬೇಕು. ಮೇಲಾಗಿ ಕಪ್ಪಿನ ಅಕ್ಷರ ಕೆಳಪಟ್ಟಿಯ ಅಳತೆಯ ಜೊತೆ ಸೇರಿದಾಗ ಮಾತ್ರ ಅದಕ್ಕೆ ಅರ್ಥ. 34ಸಿ ಕಪ್ಪಿನಲ್ಲಿ ಹಿಡಿಯೋ ಗಾತ್ರವೇ 36ಬಿ ಕಪ್ಪಿನಲ್ಲೂ ಹಿಡಿಯುತ್ತದೆ. ಆದ್ದರಿಂದ ಒಂದು ಸ್ಯಾಂಪಲ್ ಸೈಜಿನಲ್ಲಿ ಸರಿ ಮಾಡಿ, ಮಿಕ್ಕ ಸೈಜುಗಳನ್ನು ಲೆಕ್ಕ ಹಾಕಿ ದೊಡ್ಡದು ಮಾಡುತ್ತಾ ಹೋದರೆ ಚಿಕ್ಕ ಸೈಜ್ ಸರಿಯಿರುತ್ತದೆ, 40ಕ್ಕೆ ಬರೋ ಹೊತ್ತಿಗೆ ಪಟ್ಟಿ ಎಲ್ಲೋ, ಕಂಕುಳ ಎಲ್ಲೋ ಆಗಿರುತ್ತದೆ. ದೊಡ್ಡ ಸೈಜಿಗೆ ಬೇರೆ ಮಾಡೆಲ್ ಮೇಲೆ ಹಾಕಿ, ಬೇರೆಯಾಗಿ ಓಡಿಸಿ ನೋಡಬೇಕು. ಎಷ್ಟೋ ಕಡೆ ಖರ್ಚು ಉಳಿಸೋದು ಇಲ್ಲೇ.

ನಮ್ಮ ಹೈಸ್ಕೂಲುಗಳ ಪಿಟಿ ಪೀರಿಯಡ್‌ನಲ್ಲಿ ಎಂಟನೇ ಕ್ಲಾಸಿಗೆ ಬರೋ ಹೊತ್ತಿಗೆ ಮೈದಾನದ ಅಂಚಿಗೆ ಸರಿದು ಕೂರೋ ಹುಡುಗಿಯರನ್ನು ನೋಡಿ. ಅವರಲ್ಲಿ ಬೇಗ ಮೈ ತುಂಬಿಕೊಂಡವರೇ ಮೊದಲು ಕೂರೋದು. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಓಡಿದರೆ ನೋವು, ಓಡಿದರೆ ಜನ ನೋಡ್ತಾರೆ ಅನ್ನೋ ಕಾರಣ ಚಿಕ್ಕದಲ್ಲ. ಅವರಿಗೆ 300, 400 ರೂಪಾಯಿಗೆ ಸಿಗೋ, ಒಗೆತಕ್ಕೆ ತಡೆಯೋ, ಕಪ್ ಇರೋ, ಯೂನಿಫಾರ್ಮಿನ ಒಳಗೆ ಗೊತ್ತಾಗದ ಹಾಗೆ ಕೂರೋ ಬ್ರಾ ಬೇಕು. ಇಷ್ಟೊಂದು ಗಾರ್ಮೆಂಟ್ಸ್ ಇರೋ, ಇಷ್ಟೊಂದು ನುರಿತ ಕೈಗಳಿರೋ ಬೆಂಗಳೂರಿನಲ್ಲಿ ಅದನ್ನು ಮಾಡೋಕೆ ಹೊರಡುವವರು ಮೊದಲು ಆ ಹುಡುಗಿಯರ ಹತ್ತಿರ ಹೋಗಿ, ಅವರು ಹೇಳೋ ದೂರುಗಳನ್ನು ಬರೆದುಕೊಂಡು ಬರಲಿ. ಸ್ಯಾಂಪಲ್ ಹೊಲಿದ ಮೇಲೆ ಅದೇ ಮೈದಾನದಲ್ಲಿ ಅವರಿಂದಲೇ ಓಡಿಸಿ ನೋಡಲಿ.